ಕುರ್ಚಿ ಇಟ್ಟವಳು ನಾನೇ

ಪ್ರವಾಸದ ಹಡಗಿನ ಬಾಲ್ಕನಿಯಲ್ಲಿ ನನ್ನ ಮೂರು ವರ್ಷದ ಮಗ ಕುರ್ಚಿ ಹತ್ತಿ, ಕಂಬಿಯ ಮೇಲೆ ಹೊಟ್ಟೆ ಊರಿ ಕೆಳಗಿನ ಸಮುದ್ರ ನೋಡುತ್ತಿದ್ದ. ಆಗಷ್ಟೇ ಬಚ್ಚಲಿನಿಂದ ಬಂದ ನಾನು ಅವನ ಹೆಸರು ಕೂಗಲು ಬಾಯಿ ತೆರೆದೆ. ಹಿಂದಿನಿಂದ ಅತ್ತೆಯ ಒರಟು ಅಂಗೈ ನನ್ನ ಬಾಯಿ ಮುಚ್ಚಿತು.

“ಕೂಗ್ಬ್ಯಾಡ. ಬೆದರಿದ್ ಮರಿ ಮುಂದಕ್ಕೇ ಹಾರ್ತೈತೆ,” ಎಂದು ಕಿವಿಯಲ್ಲಿ ಉಸುರಿದರು.

ಧರ್ಮಪುರದ ಕಡೆ ಬಹಳ ವರ್ಷ ಕುರಿ ಕಾಯ್ದವರು ಅವರು. ಅಲ್ಲೇ ನೆಲಕ್ಕೆ ಕೂತು, ಊರಿಂದ ತಂದಿದ್ದ ಶೇಂಗಾವನ್ನು ಒಂದೊಂದಾಗಿ ಸುಲಿಯತೊಡಗಿದರು. ಮೊಮ್ಮಗನತ್ತ ಕಣ್ಣೆತ್ತಲೂ ಇಲ್ಲ. ಸಿಪ್ಪೆ ಒಡೆಯುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಮಗನ ಒಂದು ಕಾಲು ಕುರ್ಚಿಯಿಂದ ಮೇಲೆದ್ದಿತು. ಅತ್ತೆಯ ಕೈ ನಿಲ್ಲಲಿಲ್ಲ.

“ಬೆಲ್ಲಾನೂ ಐತೆ ನೋಡಪ್ಪ,” ಎಂದರು, ಚಿತ್ರದುರ್ಗದ ಮನೆಯ ಅಡುಗೆಕೋಣೆಯಲ್ಲಿ ಕೂತಷ್ಟೇ ನಿಧಾನವಾಗಿ.

ಅವನು ತಿರುಗಿದ. ಕುರ್ಚಿಯಿಂದ ಇಳಿದು ಬಂದು ಅಜ್ಜಿಯ ಮಡಿಲಿಗೆ ಕೈ ಹಾಕಿದ. ಅತ್ತೆ ಅವನ ಅಂಗಿಯನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ ಗುಂಡಿಯೇ ಕಿತ್ತುಬಂತು.

ಆ ಕುರ್ಚಿಯನ್ನು ಕಂಬಿಗೆ ಒತ್ತಿ ಇಟ್ಟವಳು ನಾನೇ. ಒಗೆದ ಸೀರೆಯನ್ನು ಬಿಸಿಲಿಗೆ ಹರಡಲು, ಮನೆಯ ತಾರಸಿಯಲ್ಲಿ ದಿನವೂ ಇಡುವ ಹಾಗೆ. ಅತ್ತೆಗೆ ಅದು ಗೊತ್ತಿತ್ತು, ಆದರೂ ಅವರು ನನ್ನ ಗಂಡನಿಗೂ ಹೇಳಲಿಲ್ಲ. ಕುರ್ಚಿಯನ್ನು ಒಳಗೆ ಎಳೆದು ತಂದು, ಉಳಿದ ಎರಡು ದಿನ ಸಮುದ್ರವನ್ನೂ ನೋಡದೆ ಅದರ ಮೇಲೆಯೇ ಕೂತಿದ್ದರು.