ಬೆರಳಕ್ಕನ ನಲವತ್ತು ಅರ್ಜಿಗಳು

ನನ್ನದು ನಕಲು ತೆಗೆದುಕೊಡುವ ಅಂಗಡಿ. ಒಂದು ಕಂಪ್ಯೂಟರ್, ಎರಡು ಪ್ರಿಂಟರ್, ಗೋಡೆಗೆ ಒರಗಿಸಿದ ಒಂದು ಬೆಂಚು. ಈ ಬೀದಿಯಲ್ಲಿ ಕೆಲಸ ಕಳೆದುಕೊಂಡವರೆಲ್ಲ ಒಂದಲ್ಲ ಒಂದು ದಿನ ಆ ಬೆಂಚಿನ ಮೇಲೆ ಕೂತವರೇ. ಅವರ ಅರ್ಜಿ ಯಂತ್ರದಿಂದ ಬಿಸಿಬಿಸಿಯಾಗಿ ಹೊರಗೆ ಬರುತ್ತದೆ, ಅದನ್ನು ಎದೆಗೆ ಒತ್ತಿಕೊಂಡು ಹೋಗುತ್ತಾರೆ. ಮಧ್ಯಾಹ್ನ ಬಿಸಿಲು ಗಾಜಿನ ಬಾಗಿಲು ದಾಟಿ ನೆಲಕ್ಕಿಳಿದಾಗ ಪ್ರಿಂಟರಿನ ಸದ್ದಿಗೆ ನನಗೆ ಕಣ್ಣು ಎಳೆಯುತ್ತದೆ. ಬೆರಳಕ್ಕ ನೆನಪಾದರೆ ನನಗೆ ಮೊದಲು ಕಾಣುವುದು ಆ ಬಿಸಿಲೇ, ಅದರ ನಡುವೆ ಎರಡು ಬಿಳಿಚಿದ ಕೈ.

ಆ ಹೆಸರು ಇಟ್ಟವರು ಬಟ್ಟೆ ಗಿರಣಿಯವರು. ಅಲ್ಲಿ ಅವಳು ಹತ್ತೊಂಬತ್ತು ವರ್ಷ ಬಟ್ಟೆ ತಪಾಸಣೆ ಮಾಡಿದ್ದಳು. ಇಳಿಜಾರು ಮೇಜಿನ ಮೇಲೆ ಬಟ್ಟೆ ಮೇಲಿನಿಂದ ಕೆಳಕ್ಕೆ ಸರಿಯುತ್ತಿರುತ್ತದೆ, ಎರಡೂ ಅಂಗೈ ಅದರ ಮೇಲಿರಬೇಕು. ಗಂಟು ಸಿಕ್ಕರೆ, ಎಳೆ ತಪ್ಪಿದ್ದರೆ, ಅಂಚಿಗೆ ಒಂದು ಕೆಂಪು ದಾರ ಕಟ್ಟಬೇಕು. ಬಟ್ಟೆ ಚೆನ್ನಾಗಿದ್ದರೆ ಏನೂ ಕಟ್ಟಬೇಕಿಲ್ಲ, ಏನೂ ಹೇಳಬೇಕಾಗಿಯೂ ಇಲ್ಲ. ಕಣ್ಣಿಗೆ ಮಣ್ಣೆರಚುವ ದೋಷವೂ ಅವಳ ಬೆರಳ ತುದಿಯಲ್ಲಿ ಸಿಕ್ಕಿಬೀಳುತ್ತಿತ್ತಂತೆ.

ಗಿರಣಿ ಮುಚ್ಚಿತು. ಬೆರಳಕ್ಕ ಅಕ್ಕ ಭಾವನ ಮನೆಯಲ್ಲಿದ್ದವಳು, ಮಹಡಿ ಮೆಟ್ಟಿಲ ಕೆಳಗಿನ ಕೋಣೆ ಅವಳದು. ಭಾವ ಬಾಯಿಬಡುಕ, ಮನಸ್ಸು ಒಳ್ಳೆಯದು. "ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ನಮ್ಮ ನಾದಿನಿ ಕೈ ಕೆಸರಾದ್ರೆ ಮೊಸರೂ ಇಲ್ಲ, ಮಜ್ಜಿಗೆನೂ ಇಲ್ಲ" ಎಂದು ಎಲ್ಲರ ಮುಂದೆ ಹೇಳಿ ನಗುತ್ತಿದ್ದ. ಮಾತು ನಿಜವೇ. ಬೆರಳ ತುದಿ ಒರಟಾಗಬಾರದೆಂದು ಹತ್ತೊಂಬತ್ತು ವರ್ಷ ಅಕ್ಕ ಅವಳಿಗೆ ಒಂದು ಲೋಟ ತೊಳೆಯಲೂ ಬಿಟ್ಟಿರಲಿಲ್ಲ. ಈಗ ಭಾವನಿಗೆ ಗುರುತಿದ್ದ ಒಂದು ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವ ಕೆಲಸ ಖಾಲಿಯಿತ್ತು. ಸೋಡಾ ಬೆರೆಸಿದ ಬಿಸಿನೀರು. ಒಂದು ತಿಂಗಳು ಅದರಲ್ಲಿ ಅದ್ದಿದರೆ ಬೆರಳು ಮರದ ತೊಗಟೆ. ಅಲ್ಲಿಗೆ ಹೋಗದೆ ಕೂತರೂ ಅಪಾಯವೇ. ಬಟ್ಟೆ ಮುಟ್ಟದೆ ವರ್ಷ ಕಳೆದರೆ ಬೆರಳು ತಾನಾಗಿಯೇ ಮರೆಯುತ್ತದೆ ಎಂದು ಹಳೆಯ ತಪಾಸಣೆಯವರು ಹೇಳುತ್ತಾರೆ. ಅಷ್ಟರೊಳಗೆ ಬಟ್ಟೆಯ ಕೆಲಸವೇ ಸಿಗಬೇಕಿತ್ತು.

"ದಿನಾ ಕನಸು ಬೀಳತ್ತೆ" ಎಂದು ಒಂದು ಮಧ್ಯಾಹ್ನ ಬೆಂಚಿನ ಮೇಲೆ ಕೂತು ಹೇಳಿದಳು. "ಬಟ್ಟೆ ಕಿಟಕಿಯಿಂದ ಒಳಗೆ ಬರತ್ತೆ, ಬಿಳೀದು. ಮಂಚದ ಮೇಲೆ ಹಾದು, ಹೊಸ್ತಿಲು ದಾಟಿ, ಬೀದಿಗೆ ಹೋಗತ್ತೆ. ಮುಗಿಯೋದೇ ಇಲ್ಲ. ನಾನು ಕೈ ಇಟ್ಕೊಂಡು ಸುಮ್ಮನೆ ಹಿಂದೆ ಹೋಗ್ತಿರ್ತೀನಿ. ಎದ್ದಾಗ ಅಂಗೈ ಬೆಚ್ಚಗಿರತ್ತೆ."

ನಾನು ಹೂಂಗುಟ್ಟಿದೆ. ಹೇಳುವಾಗ ಅವಳ ಕೈ ಗಾಳಿಯಲ್ಲಿ ಮೆಲ್ಲಗೆ ಸರಿಯುತ್ತಿತ್ತು, ಅದನ್ನು ನೋಡುತ್ತಾ ನನಗೂ ಬಟ್ಟೆ ಕಂಡಂತಾಯಿತು.

ಐದು ತಿಂಗಳಲ್ಲಿ ನಲವತ್ತು ಕಡೆ ಅರ್ಜಿ ಹಾಕಿದಳು. ಅರ್ಜಿಯನ್ನು ಅವಳೇ ಬರೆದು ತಂದಿದ್ದಳು. ನಾನು ಟೈಪ್ ಮಾಡಿದೆ, ನಲವತ್ತು ಪ್ರತಿ ತೆಗೆದೆ. ಟೈಪ್ ಮಾಡುವವರು ಓದುವುದಿಲ್ಲ ಎನ್ನುವುದು ನಿಮಗೆ ಗೊತ್ತಿರಲಿಕ್ಕಿಲ್ಲ. ಕಣ್ಣಿನಿಂದ ಬೆರಳಿಗೆ ಹೋಗುತ್ತದೆ, ತಲೆಯ ಹತ್ತಿರ ಸುಳಿಯುವುದಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ನಾನು. ಒಂದು ಕಡೆಯಿಂದಲೂ ಉತ್ತರ ಬರಲಿಲ್ಲ.

ಒಂದು ದಿನ ಅವಳ ಅರ್ಜಿಯ ಕಾಗದ ಪ್ರಿಂಟರಿನಲ್ಲಿ ಸಿಕ್ಕಿಕೊಂಡಿತು. ಬಿಡಿಸಿ, ಮಡಿಕೆ ಸರಿಮಾಡುತ್ತಾ ಮೊದಲ ಬಾರಿಗೆ ಓದಿದೆ. "ಎಡಗಿವಿ ಸ್ವಲ್ಪ ಮಂದ. ಗಡಿಬಿಡಿಯ ಕೆಲಸ ಆಗುವುದಿಲ್ಲ. ಕಂಪ್ಯೂಟರ್ ಬರುವುದಿಲ್ಲ. ಎರಡು ವರ್ಷದ ಹಿಂದೆ ಹನ್ನೊಂದು ದಿನ ರಜೆ ಹಾಕಿದ್ದೇನೆ. ವಯಸ್ಸು ನಲವತ್ತೇಳು." ಕೆಳಗೆ ವಿಳಾಸ, ಸಹಿ. ಅಷ್ಟೇ.

"ಇದೇನು ಬರೆದಿದೀರಿ?" ಎಂದೆ.

"ದೋಷ ಇರೋದೆಲ್ಲ ಬರೆದಿದೀನಿ. ಒಂದೂ ಬಿಟ್ಟಿಲ್ಲ."

"ಒಳ್ಳೇದು ಎಲ್ಲಿ?"

"ಉಳಿದಿದ್ದೆಲ್ಲ ಒಳ್ಳೇದೇ ಅಲ್ವಾ? ಅದನ್ನ ಯಾರಾದ್ರೂ ಬರೀತಾರಾ?"

ನನಗೆ ಅವಳ ಮೇಲೆ ಸಿಟ್ಟು ಬಂತು, ಆಮೇಲೆ ನನ್ನ ಮೇಲೆ ಬಂತು. ನಲವತ್ತು ಪ್ರತಿ ತೆಗೆದ ಕೈ ನನ್ನದೇ ಅಲ್ಲವೇ. ಅಂದೇ ಅಂಗಡಿಯ ಬಾಗಿಲು ಅರ್ಧ ಎಳೆದು, ಇಷ್ಟು ವರ್ಷ ಆ ಬೆಂಚಿನಿಂದ ಕಲಿತಿದ್ದನ್ನೆಲ್ಲ ಅವಳಿಗೆ ಹೇಳಿದೆ. ಒಂದೇ ಕಾಗದವನ್ನು ನಲವತ್ತು ಮನೆಗೆ ಎಸೆಯುವುದು ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ. ಯಾರಿಗೆ ಏನು ಬೇಕೆಂದು ಮೊದಲು ತಿಳಿದುಕೊಂಡು, ಅವರಿಗೇ ಎಂದು ಬರೆಯಬೇಕು. ಅರ್ಧಕ್ಕರ್ಧ ಕೆಲಸ ಪೇಪರಿನಲ್ಲಿ ಬರುವುದೇ ಇಲ್ಲ, ಬಾಯಿಂದ ಬಾಯಿಗೆ ಹೋಗಿ ಮುಗಿದಿರುತ್ತದೆ. ಆದ್ದರಿಂದ ಹಳೆಯ ಗಿರಣಿಯವರನ್ನು ಹುಡುಕಿ. ಕೆಲಸ ಕೊಡಿ ಎಂದು ಕೇಳಬೇಡಿ, ಎಲ್ಲಿ ಏನು ನಡೀತಿದೆ ಎಂದು ಕೇಳಿ.

ಬೆರಳಕ್ಕ ಊರೆಲ್ಲ ನಡೆದಳು. ಬಣ್ಣ ಹಾಕುತ್ತಿದ್ದವನು ಈಗ ಬೀಗದ ಕೈ ಮಾಡುತ್ತಿದ್ದ. ನೂಲು ಸುತ್ತುತ್ತಿದ್ದವಳು ಮೊಮ್ಮಗುವನ್ನು ತೂಗುತ್ತಿದ್ದಳು. ಎಲ್ಲರೂ ಅವಳ ಕೈ ಹಿಡಿದುಕೊಂಡೇ ಮಾತಾಡಿದರಂತೆ. ಮಗ್ಗ ರಿಪೇರಿ ಮಾಡುತ್ತಿದ್ದವನು ಮಾತ್ರ ಒಂದು ಸುದ್ದಿ ಕೊಟ್ಟ. ಸುಟ್ಟಗಾಯದ ರೋಗಿಗಳಿಗೆ ಹೊದಿಕೆ ತಯಾರಿಸುವ ಒಂದು ಕಾರ್ಖಾನೆ ಇದೆ, ಅಲ್ಲಿ ಹೊಲಿಗೆ ಯಂತ್ರ ಸರಿಮಾಡಲು ಅವನು ಹೋಗುತ್ತಾನೆ. "ಒಂದು ಗಂಟು ಇದ್ರೂ ಚರ್ಮ ಅದಕ್ಕೆ ಅಂಟ್ಕೊಂಡು ಕಿತ್ತು ಬರತ್ತೆ. ಅವರಿಗೆ ಕೈಯೇ ಬೇಕು. ನನ್ನ ಹೆಸರು ಹಾಕಿ ಬರೀರಿ" ಎಂದನಂತೆ.

ಅರ್ಜಿಯನ್ನು ನಾಲ್ಕೇ ಸಾಲಿನಲ್ಲಿ ಹೊಸದಾಗಿ ಬರೆದೆವು. ಈ ಸಲ ನಾನು ಓದಿಕೊಂಡೇ ಟೈಪ್ ಮಾಡಿದೆ, ನನ್ನ ಅಂಗಡಿಯ ಫೋನ್ ನಂಬರನ್ನೂ ಹಾಕಿದೆ. ಐದನೆಯ ದಿನ ಸಂದರ್ಶನಕ್ಕೆ ಕರೆ ಬಂತು. ಬೆಂಚಿನ ಮೇಲೆ ಕೂರಿಸಿ, ನಾನೇ ಸಾಹೇಬನಾಗಿ ಮುಖ ಗಂಟುಹಾಕಿಕೊಂಡು ಪ್ರಶ್ನೆ ಕೇಳಿ ಅಭ್ಯಾಸ ಮಾಡಿಸಿದೆ. "ಕೇಳಿದ್ದಕ್ಕೆಲ್ಲ ಏನಾದ್ರೂ ಒಂದು ಹೇಳಿ. ಏನೂ ಇಲ್ಲ ಅಂತ ಮಾತ್ರ ಎದ್ದು ಬರಬೇಡಿ" ಎಂದು ಮೂರು ಸಲ ಹೇಳಿದೆ.

ಸೋಮವಾರ ಹೋಗಿ ಬಂದವಳು ಅಂಗಡಿಯ ಮೆಟ್ಟಿಲ ಮೇಲೇ ಕೂತುಬಿಟ್ಟಳು.

"ಹದಿನೇಳು ಜನ ಬಂದಿದ್ರು. ಒಬ್ಬೊಬ್ಬರನ್ನೇ ಒಳಗೆ ಕರೆದು ಒಂದೇ ಥಾನು ಬಟ್ಟೆ ಕೊಟ್ಟು, ದೋಷ ಹುಡುಕಿ ಅಂದ್ರು. ನಾನು ಕಣ್ಣು ಮುಚ್ಚಿ ಕೈ ಇಟ್ಟೆ. ನೀರು ಮುಟ್ಟಿದ ಹಾಗಿತ್ತು. ಈ ತುದಿಯಿಂದ ಆ ತುದಿವರೆಗೆ ಹೋದೆ, ಹಿಂದಕ್ಕೆ ಬಂದೆ. ಏನೂ ಸಿಗಲಿಲ್ಲ. ಮೇಲ್ವಿಚಾರಕಿ ಕೇಳಿದ್ಲು, ಉಳಿದವರೆಲ್ಲ ಮೂರು ನಾಲ್ಕು ತೋರಿಸಿದಾರಲ್ಲ, ನಿಮಗೆ ಒಂದೂ ಸಿಗಲಿಲ್ವಾ ಅಂತ. ಸಿಗಲಿಲ್ಲ ಅಂದೆ."

"ಏನಾದ್ರೂ ಒಂದು ಹೇಳಬಾರದಿತ್ತಾ?"

"ಕೈಗೆ ಸಿಗದೇ ಇರೋದನ್ನ ಹೇಗೆ ಹೇಳ್ಲಿ?" ಬೆರಳುಗಳನ್ನು ಒಂದೊಂದಾಗಿ ಮಡಿಚಿದಳು. "ಹೋಯ್ತು ಅಣ್ಣ. ಮರೆತುಬಿಟ್ಟಿವೆ ಇವು."

ನಾನೂ ಅದನ್ನೇ ನಂಬಿದ್ದೆ. ಮರುದಿನ ಬೆಳಿಗ್ಗೆ ಅವಳು ಕ್ಯಾಂಟೀನಿಗೆ ಹೋದಳು.

ಗುರುವಾರ ಮಧ್ಯಾಹ್ನ ಅಂಗಡಿಯ ಫೋನು ಹೊಡೆದುಕೊಂಡಿತು. ಹೆಂಗಸಿನ ದನಿ, ಅವಸರವಿಲ್ಲದ ಮಾತು. "ಆ ಥಾನನ್ನ ನಾವೇ ಮೂರು ಸಲ ತಪಾಸಣೆ ಮಾಡಿ ಇಟ್ಟಿದ್ವಿ. ಅದರಲ್ಲಿ ಏನೂ ಇರಲಿಲ್ಲ. ಹದಿನಾರು ಜನ ಇಲ್ಲದ ದೋಷ ಹುಡುಕಿ ಕೊಟ್ರು. ಏನೂ ಇಲ್ಲ ಅಂದವರು ನಿಮ್ಮವರೊಬ್ಬರೇ, ಅವರಿಗೆ ಸೋಮವಾರದಿಂದ ಬರೋಕೆ ಹೇಳಿ."

ಅಂಗಡಿಗೆ ಬೀಗ ಹಾಕಿದೆನೋ ಇಲ್ಲವೋ ನೆನಪಿಲ್ಲ. ಬೀದಿ ಉದ್ದಕ್ಕೂ ಬಿಸಿಲಿತ್ತು, ಕಾಲಿನ ಕೆಳಗೆ ನೆಲವಿದ್ದಂತೆ ಅನಿಸಲಿಲ್ಲ. ಕ್ಯಾಂಟೀನಿನ ಹಿಂದಿನ ಕೋಣೆ ಆವಿಯಿಂದ ತುಂಬಿತ್ತು. ಬೆರಳಕ್ಕ ಮೊಣಕೈವರೆಗೆ ತೊಟ್ಟಿಯಲ್ಲಿದ್ದಳು. ನಾನು ಹೇಳಿದೆ.

"ಇನ್ನೊಂದ್ಸಲ ಹೇಳಿ."

ಇನ್ನೊಂದು ಸಲ ಹೇಳಿದೆ. ಅವಳು ಕೈ ಹೊರಗೆ ತೆಗೆದಳು. ತುದಿಗಳು ಸುಕ್ಕುಗಟ್ಟಿ ಬೆಳ್ಳಗಾಗಿದ್ದವು, ಎರಡು ಬೆರಳು ಬಿರಿದು ರಕ್ತ ಬಂದಿತ್ತು. ಅವನ್ನು ಬೆಳಕಿಗೆ ಹಿಡಿದು ನೋಡಿದಳು.

"ಸೋಮವಾರಕ್ಕೆ ನಾಲ್ಕು ದಿನ" ಎಂದಳು. "ಸಾಕಾಗತ್ತಾ ಅಣ್ಣ?"

ನನಗೆ ಗೊತ್ತಿರಲಿಲ್ಲ. ಅಂಗಿಯ ತೋಳು ಮೇಲಕ್ಕೆ ಮಡಿಚಿದೆ. ಅವಳು ಬೇಡವೆಂದಳು, ಸಂಜೆಯವರೆಗೆ ತೊಳೆಯುತ್ತೇನೆಂದು ಮಾಲೀಕನಿಗೆ ಮಾತು ಕೊಟ್ಟಿದ್ದೇನೆ ಎಂದಳು. ನೀವು ಮಾತು ಕೊಟ್ಟಿದ್ದೀರಿ, ಕೈ ಯಾರದೆಂದು ಅವನು ಕೇಳಿಲ್ಲವಲ್ಲ ಎಂದು ಅವಳನ್ನು ಸರಿಸಿ ತೊಟ್ಟಿಯ ಮುಂದೆ ನಿಂತೆ. ಅಡುಗೆಯವನು ಒಂದು ಬಟ್ಟಲಲ್ಲಿ ಎಣ್ಣೆ ತಂದುಕೊಟ್ಟ. ಅವಳು ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತು, ಬೆರಳಿಗೆ ಒಂದೊಂದಾಗಿ ಹಚ್ಚಿಕೊಂಡಳು.

ಆಮೇಲೆ ಹಿಂದಿನಿಂದ ಅಳುವುದು ಕೇಳಿಸಿತು. ನಾನು ತಿರುಗಿ ನೋಡಲಿಲ್ಲ, ಕತ್ತಲಾಗುವವರೆಗೆ ಪಾತ್ರೆ ತೊಳೆದೆ.