ಮಾವ ಕಾಲೇಜು ನೋಡಿದ ಕ್ರಮ

ಎಸ್ಸೆಸ್ಸೆಲ್ಸಿ ತರಗತಿಯ ಮೊದಲ ದಿನ ಲೆಕ್ಕದ ಮಾಸ್ಟ್ರು ಹಾಜರಿ ಕರೆದು ಮುಗಿಸಿ, "ಮುಂದಿನ ವರ್ಷ ಈ ಹೊತ್ತಿಗೆ ನೀವೆಲ್ಲ ಎಲ್ಲಿರುತ್ತೀರಿ?" ಎಂದು ಕೇಳಿದರು. ಹುಡುಗರು ಒಬ್ಬೊಬ್ಬರಾಗಿ ಹೇಳಿದರು: ಮುಂಬಯಿಯ ಹೋಟೆಲು, ಅಪ್ಪನ ಅಂಗಡಿ, ಮಾಸ್ಟ್ರ ಟ್ರೈನಿಂಗು. ಹುಡುಗಿಯರು ನಾವು ಮೂವರೇ. ನನ್ನ ಸರದಿ ಬಂದಾಗ ಎದ್ದು ನಿಂತು "ಕಾಲೇಜಿನಲ್ಲಿ" ಎಂದೆ ಎಂದು ನಾನು ಬಹಳ ವರ್ಷ ನಂಬಿದ್ದೆ, ಒಂದೆರಡು ಕಡೆ ಹೇಳಿಕೊಂಡೂ ಇದ್ದೆ. ಆ ವರ್ಷದ ದಿನಚರಿ ಈಗಲೂ ನನ್ನಲ್ಲಿದೆ. ಅದರಲ್ಲಿ "ನನ್ನನ್ನೂ ಕೇಳಿದರು. ನಾನು ಮಾತಾಡಲಿಲ್ಲ" ಎಂದಿದೆ. ಹಾಗಾಗಿ ಮುಂದಿನದ್ದರಲ್ಲಿ ದಿನಚರಿಯಲ್ಲಿರುವುದು ಎಷ್ಟು, ನಾನು ಆಮೇಲೆ ಕಟ್ಟಿಕೊಂಡದ್ದು ಎಷ್ಟು ಎಂದು ಸಾಧ್ಯವಾದಲ್ಲೆಲ್ಲ ಹೇಳುತ್ತೇನೆ.

ಇದು ಅರವತ್ತರ ದಶಕದ ನಡುವಿನ ಮಾತು. ನಮ್ಮ ಮನೆ ಲಾಯಿಲದಲ್ಲಿ. ಬೆಳ್ತಂಗಡಿಯ ಶಾಲೆಗೆ ನಡೆದೇ ಹೋಗುತ್ತಿದ್ದೆ. ನಮ್ಮದು ಅಳಿಯಸಂತಾನದ ಕುಟುಂಬ. ಮನೆ ಅಮ್ಮನ ಕಡೆಯದು, ಯಜಮಾನರು ಅಮ್ಮನ ಅಣ್ಣ. ಅಪ್ಪ ವಿಟ್ಲದ ಹತ್ತಿರ ತಮ್ಮ ಮನೆಯ ಬೇಸಾಯ ನೋಡಿಕೊಂಡು ತಿಂಗಳಿಗೆ ಎರಡು ಸಲ ಬಂದು ಹೋಗುತ್ತಿದ್ದರು. ನಾನು ಓದುವುದೋ ಮದುವೆಯಾಗುವುದೋ ಎಂದು ಹೇಳಬೇಕಾದವರು ಮಾವ. ಅದನ್ನು ಅಪ್ಪನೂ ಪ್ರಶ್ನಿಸಿದವರಲ್ಲ. ಆ ವರ್ಷ ಬಂಟ್ವಾಳದ ಒಂದು ಮನೆಯಿಂದ ನನ್ನನ್ನು ಕೇಳಿ ಜನ ಬಂದಿದ್ದರು. ಒಳ್ಳೆಯ ಮನೆ, ಹುಡುಗನಿಗೆ ಕೆಲಸವಿತ್ತು. ಮಾವ "ಮನೆ ನೋಡಿ ಹೇಳ್ತೇವೆ" ಎಂದು ಕಳಿಸಿದ್ದರು.

ಮನೆ ನೋಡುವುದರಲ್ಲಿ ಮಾವನಿಗೆ ದೊಡ್ಡ ಹೆಸರು. ಅವರು ಓದಿದ್ದು ಐದನೇ ಕ್ಲಾಸಿನವರೆಗೆ. ಆದರೆ ಸುತ್ತಮುತ್ತ ಯಾರು ಸಂಬಂಧ ನೋಡುವುದಿದ್ದರೂ ಮಾವನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ಅವರು ಚಾವಡಿಯಲ್ಲಿ ಕೂತು ಮಾತಾಡುವವರಲ್ಲ. ನೇರ ಬಾವಿಕಟ್ಟೆಗೆ, ಅಲ್ಲಿಂದ ಅಡುಗೆಮನೆಯ ಹಿಂದುಗಡೆಗೆ ಹೋಗುತ್ತಿದ್ದರು. ಒಳಗೆ ಹೆಂಗಸರು ಜೋರಾಗಿ ಮಾತಾಡುತ್ತಾರೋ, ಗಂಡಸರು ಬಂದೊಡನೆ ಸುಮ್ಮನಾಗುತ್ತಾರೋ ಎಂದು ಕಿವಿಗೊಟ್ಟು ನಿಲ್ಲುತ್ತಿದ್ದರು. ಅವರಿಗೊಂದು ಕಟ್ಟುನಿಟ್ಟಿತ್ತು. ಒಪ್ಪಿಗೆಯಾಗುವ ತನಕ ಆ ಮನೆಯಲ್ಲಿ ಏನನ್ನೂ ಬಾಯಿಗೆ ಹಾಕುವ ಹಾಗಿಲ್ಲ. ಮನೆಗೆ ಬಂದವರಿಗೆಲ್ಲ ಮೊದಲು ಕೊಡುವ ನೀರು ಬೆಲ್ಲ ಕೂಡ ಬೇಡ. ಮುಟ್ಟಿದರೆ ಮಾತು ಕೊಟ್ಟ ಹಾಗೆ. ಇದು ನಮ್ಮ ಕಡೆ ಎಲ್ಲರ ಕ್ರಮವೋ, ಮಾವ ತಾವೇ ಬಿಗಿಮಾಡಿಕೊಂಡದ್ದೋ ನನಗೆ ಖಚಿತವಿಲ್ಲ. ನಮ್ಮ ಮನೆಯಲ್ಲಂತೂ ಅದು ಕಾನೂನು. ಒಮ್ಮೆ ಅವರು ಪುಂಜಾಲಕಟ್ಟೆಯ ಆಚೆ ಒಂದು ಮನೆ ನೋಡಿ ಮಧ್ಯಾಹ್ನ ಮೀರಿ ಬಂದವರು, ಚಪ್ಪಲಿಯನ್ನೂ ಕಳಚದೆ ಬಾವಿಗೆ ಹೋಗಿ ಕೊಡಪಾನದಿಂದಲೇ ನೀರು ಕುಡಿದದ್ದನ್ನು ಕಂಡಿದ್ದೇನೆ.

ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಲೆಕ್ಕದ ಮಾಸ್ಟ್ರು ಮನೆಗೆ ಬಂದರು. ಲೆಕ್ಕದಲ್ಲಿ ನಾನು ಹಿಂದೆ. ಅದರ ದೂರು ಹೇಳಲು ಬಂದಿದ್ದಾರೆ ಎಂದು ಬಾಗಿಲ ಮರೆಯಲ್ಲಿ ನಿಂತಿದ್ದೆ.

"ಲೆಕ್ಕ ಸಾಲದು. ಉಳಿದದ್ದರಲ್ಲೆಲ್ಲ ಶಾಲೆಗೇ ಮೊದಲು ಇವಳು," ಎಂದರು ಮಾಸ್ಟ್ರು. "ಕಾಲೇಜಿಗೆ ಕಳಿಸಬೇಕು ನೀವು."

"ಕಾಲೇಜು ಅಂದರೆ ಎಂತದು ಅಂತಲೇ ನನಗೆ ಗೊತ್ತಿಲ್ಲ ಮಾಸ್ಟ್ರೆ. ಗೊತ್ತಿಲ್ಲದಲ್ಲಿಗೆ ಹುಡುಗಿಯನ್ನು ಕಳಿಸುವುದು ಹೇಗೆ?"

"ಹಾಗಾದರೆ ಹೋಗಿ ನೋಡಿ ಬನ್ನಿ."

"ನೋಡುವ," ಎಂದರು ಮಾವ ತಕ್ಷಣ. "ಬಂಟ್ವಾಳದ ಮನೆಯನ್ನೂ ನೋಡುವ, ಕಾಲೇಜನ್ನೂ ನೋಡುವ. ಯಾವುದು ಒಳ್ಳೆಯದುಂಟೋ ಅಲ್ಲಿಗೆ."

ಮಾಸ್ಟ್ರು ನಕ್ಕರು. ಮಾವ ನಗಲಿಲ್ಲ.

ಕಾಲೇಜು ನೋಡಲು ನನ್ನನ್ನೂ ಕರೆದುಕೊಂಡು ಹೋಗುವುದೆಂದಾಗ ಅಮ್ಮ ಆಕ್ಷೇಪಿಸಿದರು. "ನೋಡಲಿಕ್ಕೆ ಹೋಗುವಾಗ ಹುಡುಗಿಯನ್ನು ಕಟ್ಟಿಕೊಂಡು ಹೋಗುವುದು ಎಲ್ಲಿಯಾದರೂ ಉಂಟಾ ಅಣ್ಣ?"

"ಪಾಠ ಹೇಗುಂಟು ಅಂತ ನನಗೆ ಗೊತ್ತಾಗ್ತದಾ? ಅದನ್ನು ಅವಳು ನೋಡಲಿ. ಬಾಕಿದ್ದು ನಾನು ನೋಡ್ತೇನೆ."

ನಾವು ಆಡಿದ್ದೆಲ್ಲ ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ಮಾವನ ಮಾತಿನ ಚುರುಕು ಸ್ವಲ್ಪ ಸೋರಿ ಹೋಗುತ್ತದೆ.

ಮೊದಲು ನೋಡಿದ್ದು ಮಂಗಳೂರಿನ ಒಂದು ಕಾಲೇಜು. ಬಂಟ್ವಾಳ ದಾಟಿ ಹೋಗುವ ಬಸ್ಸಿನಲ್ಲಿ ಮಾವ ಇಸ್ತ್ರಿ ಹಾಕಿದ ಬಿಳಿ ಅಂಗಿ, ಪಂಚೆಯಲ್ಲಿ ನೆಟ್ಟಗೆ ಕೂತಿದ್ದರು. ಪ್ರಿನ್ಸಿಪಾಲರು ಬಹಳ ಮರ್ಯಾದೆಯಿಂದ ಕೂರಿಸಿ ಕಾಫಿ ತರಿಸಿದರು. ಮಾವ ಕೈಮುಗಿದು "ಬೇಡ" ಎಂದರು. ಎರಡನೇ ಸಲ ಹೇಳಿದಾಗಲೂ ಬೇಡ. ಪ್ರಿನ್ಸಿಪಾಲರ ಮುಖ ಸಣ್ಣದಾಯಿತು. ಜಾತಿಯ ಕಾರಣಕ್ಕೆ ಬೇಡವೆನ್ನುತ್ತಿದ್ದಾರೆ ಎಂದು ಅವರು ತಿಳಿದಿರಬೇಕು. ಆ ಕಾಲದಲ್ಲಿ ಯಾರಾದರೂ ಹಾಗೆಯೇ ತಿಳಿಯುತ್ತಿದ್ದರು. ನನಗೆ ನೆಲದಡಿಗೆ ಹೋಗುವಷ್ಟು ನಾಚಿಕೆಯಾಯಿತು, ಆದರೆ ವಿವರಿಸಿ ಹೇಳುವ ಧೈರ್ಯವಿರಲಿಲ್ಲ. ಆಮೇಲೆ ಮಾವ ಬಾವಿ ಎಲ್ಲಿ ಎಂದು ಕೇಳಿದರು. ನಳ್ಳಿ ತೋರಿಸಿದರು. ಮಾವ ಅದನ್ನು ತಿರುಗಿಸಿ, ನೀರು ಬೀಳುವುದನ್ನು ನೋಡುತ್ತ ತುಂಬ ಹೊತ್ತು ನಿಂತರು.

ವಾಪಸು ಬರುವಾಗ ಅವರು ಹೇಳಿದ್ದು ಇಷ್ಟೇ: "ಕಟ್ಟಡ ಒಳ್ಳೆಯದುಂಟು. ಮಾತಾಡಿಸುವುದೂ ಚಂದ. ಆದರೆ ಕುಡಿಯುವ ನೀರು ಎಲ್ಲಿಂದ ಬರ್ತದೆ ಅಂತ ಅಲ್ಲಿ ಒಬ್ಬರಿಗೂ ಗೊತ್ತಿಲ್ಲ ಮಾರಾಯ್ತಿ."

ಮುಂದಿನ ವಾರ ವೇಣೂರಿನ ದಾರಿಯಾಗಿ ಮೂಡಬಿದಿರೆಗೆ ಹೋದೆವು. ಅಲ್ಲಿ ನಾವು ನೋಡಿದ ಕಾಲೇಜು ಹೊಸದು. ಕೆಂಪು ಮುರಕಲ್ಲಿನ ಗೋಡೆಗಳಿಗೆ ಇನ್ನೂ ಸುಣ್ಣದ ವಾಸನೆಯಿತ್ತು. ಅಂಗಳದಲ್ಲಿ ಒಂದು ಗಿಡವೂ ಎದೆಯೆತ್ತರ ಬೆಳೆದಿರಲಿಲ್ಲ. ಪ್ರಿನ್ಸಿಪಾಲರು ಊರಲ್ಲಿರಲಿಲ್ಲ. ಆಫೀಸಿನ ಗುಮಾಸ್ತರೊಬ್ಬರು, ಚರಿತ್ರೆ ಕಲಿಸುವ ಒಬ್ಬ ಮೇಡಂ ಇದ್ದರು. ಗುಮಾಸ್ತರು ಮಾವನನ್ನು ಕರೆದುಕೊಂಡು ಹೋದರು. ನಾನು ಮೇಡಂ ಹತ್ತಿರ ಉಳಿದೆ. ಆದ್ದರಿಂದ ಮಾವ ನೋಡಿದ ಕ್ರಮ ನನಗೆ ಗೊತ್ತಾದದ್ದು ಆಮೇಲೆ ಗುಮಾಸ್ತರ ಬಾಯಿಂದ. ನಾನು ಅಲ್ಲಿ ಓದಿದಷ್ಟು ಕಾಲವೂ ಅವರು ಅದನ್ನು ಕಂಡಕಂಡವರಿಗೆ ಹೇಳುತ್ತಿದ್ದರು. ಪ್ರತಿಸಲ ಸ್ವಲ್ಪ ಬೆಳೆಯುತ್ತಿತ್ತು ಎಂಬುದನ್ನೂ ಹೇಳಬೇಕು.

ಮಾವ ಬಾವಿಯಿಂದ ತಾವೇ ನೀರು ಸೇದಿ, ಬೊಗಸೆಯಲ್ಲಿ ಹಿಡಿದು ಬೆಳಕಿಗೆ ನೋಡಿ, ಕಾಲಿಗೆ ಹೊಯ್ದುಕೊಂಡರಂತೆ. ಹುಡುಗಿಯರು ಉಳಿಯುವ ಬಾಡಿಗೆ ಮನೆಯ ಅಡುಗೆಮನೆಗೆ ಹೋಗಿ, ಕುಚ್ಚಲಕ್ಕಿಯ ಗಂಜಿ ಬೇಯುವ ಪಾತ್ರೆಯ ಮುಚ್ಚಳ ತೆಗೆಸಿ, ಅಡುಗೆಯವಳನ್ನು "ನೀವು ಉಣ್ಣುವುದೂ ಇದನ್ನೇನಾ?" ಎಂದು ಕೇಳಿದರಂತೆ. "ಮತ್ತೆ? ನನಗೆ ಅಂತ ಬೇರೆ ಬೇಯಿಸಲಿಕ್ಕೆ ನಾನು ಅರಸುಮನೆಯವಳಾ?" ಎಂದು ಅವಳು ಗದರಿದಾಗ ಮಾವನಿಗೆ ಖುಷಿಯಾಯಿತಂತೆ. ಕೊನೆಗೆ ಲೈಬ್ರರಿ. ನಾಲ್ಕು ಕಪಾಟು. ಮಾವ ಪುಸ್ತಕ ಬಿಡಿಸಿ ಓದಲಿಲ್ಲ. ಒಂದೊಂದನ್ನೇ ಎಳೆದು ಅದರ ಅಂಚು ನೋಡಿದರು.

"ಇದನ್ನು ಯಾರೂ ಮುಟ್ಟಲಿಲ್ಲ. ಇದನ್ನು ತುಂಬ ಜನ ಓದಿದ್ದಾರೆ, ಅಂಚು ಕಪ್ಪಾಗಿದೆ."

"ಬಂದು ಒಂದೂವರೆ ವರ್ಷ ಆದದ್ದಷ್ಟೇ ಇವೆಲ್ಲ," ಎಂದರು ಗುಮಾಸ್ತರು, ಸ್ವಲ್ಪ ಹೆದರಿ.

"ಒಂದೂವರೆ ವರ್ಷದಲ್ಲಿ ಇಷ್ಟು ಮಾಸಿದ್ದಾದರೆ ಒಳ್ಳೆಯದೇ."

ಮುಂದೆ ನಾನು ವಿಶ್ವವಿದ್ಯಾಲಯದಲ್ಲಿದ್ದಾಗ ಕಾಲೇಜುಗಳ ತಪಾಸಣೆಗೆ ಹೊರಡುವ ಸಮಿತಿಗಳನ್ನು ಹತ್ತಿರದಿಂದ ಕಂಡೆ. ಅವರು ಪುಸ್ತಕಗಳ ಸಂಖ್ಯೆ ಕೇಳುತ್ತಿದ್ದರು. ಅಂಚು ನೋಡಿದವರನ್ನು ನಾನು ಕಂಡಿಲ್ಲ.

ಇತ್ತ ಮೇಡಂ ನನ್ನನ್ನು ಮಾತಾಡಿಸುತ್ತಿದ್ದರು. ಅವರು ಮೈಸೂರು ಕಡೆಯವರು. ನಮ್ಮ ಮಾಸ್ಟ್ರುಗಳ ತೂಗಿ ಆಡುವ ಕನ್ನಡ ಕೇಳಿದ್ದ ನನಗೆ ಅವರ "ನೋಡ್ತೀನಿ, ಹೇಳ್ತೀನಿ" ಹೊಸ ಸಂಗೀತದಂತಿತ್ತು. ಏನೇನು ಓದಿದ್ದೀಯ ಎಂದು ಕೇಳುವರೆಂದು ತಯಾರಾಗಿದ್ದೆ. ಅವರು ಕೇಳಿದ್ದು ಬೇರೆ.

"ನಿಮ್ಮೂರಲ್ಲಿ ಸಂತೆ ಇದೆ ಅಲ್ವೇನಮ್ಮಾ? ಅದು ಅಲ್ಲೇ ಯಾಕೆ ಸೇರುತ್ತೆ? ಬೇರೆ ಕಡೆ ಯಾಕೆ ಸೇರಲ್ಲ?"

ನಾನು ಹುಟ್ಟಿದಾಗಿನಿಂದ ಕಂಡ ಸಂತೆ. ಅದು ಅಲ್ಲಿದೆ, ಬಾನಿನ ಹಾಗೆ. ಅದಕ್ಕೊಂದು "ಯಾಕೆ" ಇರಬಹುದೆಂದು ನನಗೆ ಯಾರೂ ಹೇಳಿರಲಿಲ್ಲ. ಚರಿತ್ರೆಯೆಂದರೆ ರಾಜರ ಹೆಸರು, ಇಸವಿ. ನಮ್ಮ ಸಂತೆಯಂಥ ಸಂತೆಯೂ ಅದರೊಳಗೆ ಬರುತ್ತದೆಯೇ? ನಾನು ಯೋಚಿಸಿದೆ, ನಿಜವಾಗಿ ಯೋಚಿಸಿದೆ. ಯಾವಾಗ ಅವರು ತಟ್ಟೆ ಮುಂದಿಟ್ಟರು, ಯಾವಾಗ ನನ್ನ ಕೈ ಅತ್ತ ಹೋಯಿತು, ನನಗೆ ತಿಳಿಯದು. "ಇಲ್ಲಿಗೆ ಬಂದ್ಮೇಲೆ ಕಲ್ತಿದ್ದು ಇದು, ಎಷ್ಟು ಒಳ್ಳೇ ಪದ್ಧತಿ," ಎಂದು ಅವರು ಏನನ್ನೋ ಹೊಗಳುತ್ತಿದ್ದುದು ಮಾತ್ರ ನೆನಪಿದೆ.

ಬಾಗಿಲಲ್ಲಿ ಮಾವ ನಿಂತಿದ್ದರು. ಅವರ ಕಣ್ಣು ನನ್ನ ಕೈಯ ಖಾಲಿ ಲೋಟದ ಮೇಲಿತ್ತು.

"ಕುಡಿದಾಯ್ತಾ?" ತುಳುವಿನಲ್ಲಿ, ಮೆಲ್ಲಗೆ.

"ಹ್ಞೂಂ."

"ಬೆಲ್ಲ?"

"ಅದೂ."

ಬಂಟ್ವಾಳದ ಮನೆಯನ್ನು ಇನ್ನೂ ನೋಡಿರಲಿಲ್ಲ. ಅಲ್ಲಿಗೆ ಹೋಗುವ ದಿನ ನಿಗದಿಯಾಗಿತ್ತು. ಮಾವ ಜೀವಮಾನವಿಡೀ ಕಾದುಕೊಂಡು ಬಂದದ್ದನ್ನು ನಾನು ಒಂದು ಗುಟುಕಿನಲ್ಲಿ ಕೆಡಿಸಿದ್ದೆ. ಇನ್ನು ಕಾಲೇಜೂ ಇಲ್ಲ, ಏನೂ ಇಲ್ಲ ಎಂದುಕೊಂಡೆ.

"ಯಾಕೆ, ಏನಾಯ್ತು? ಕಾಯಿಸಿ ಆರಿಸಿದ ನೀರೇ ಅದು," ಎಂದರು ಮೇಡಂ ಗಾಬರಿಯಿಂದ.

ಮಾವ ಬೆಂಚಿನ ಮೇಲೆ ಕೂತರು. ಕೊಡೆಯನ್ನು ಪಕ್ಕಕ್ಕಿಟ್ಟರು. ಆಮೇಲೆ ಶಾಲೆಯ ಪುಸ್ತಕದಿಂದ ಓದಿದಂತೆ ಒಂದೊಂದೇ ಪದ ಇಟ್ಟು ಕನ್ನಡದಲ್ಲಿ ಹೇಳಿದರು: "ಏನೂ ಆಗಲಿಲ್ಲ ಅಮ್ಮಾ. ನನಗೂ ಒಂದು ಲೋಟ ನೀರು ಕೊಡಬೇಕು. ಬೆಲ್ಲವೂ ಬೇಕು."

ಬೆಲ್ಲವನ್ನು ನಿಧಾನವಾಗಿ ಅಗಿದರು. ಲೋಟ ಎತ್ತಿ, ತುಟಿಗೆ ತಾಗಿಸದೆ, ಕೊನೆಯ ಹನಿಯವರೆಗೆ ಕುಡಿದರು. ದಿನಚರಿಯಲ್ಲಿ ಆ ದಿನದ ಬರಹ ಒಂದೇ ಸಾಲು: "ಮಾವನೂ ಕುಡಿದರು."

ಬಸ್ಸಿನಲ್ಲಿ ಸ್ವಲ್ಪ ದೂರ ಹೋದ ಮೇಲೆ ಕೇಳಿದರು. "ಬೇಕೂಂತ ಕುಡಿದದ್ದಾ ನೀನು?"

"ಅಲ್ಲ ಮಾವ. ಅವರೊಂದು ಪ್ರಶ್ನೆ ಕೇಳಿದರು. ಅದನ್ನು ಯೋಚಿಸ್ತಾ ಇದ್ದೆ."

"ಎಂತ ಪ್ರಶ್ನೆ?"

ಹೇಳಿದೆ. ವೇಣೂರು ಬಂದಾಗ ಮಾವ ಕಿಟಕಿಯಿಂದ ನನ್ನ ಕಡೆ ತಿರುಗಿದರು.

"ಘಟ್ಟದ ಕಡೆಯ ಗಾಡಿಗಳು ಇಳಿದು ಬಂದು ಎತ್ತು ಬಿಚ್ಚಬೇಕಲ್ಲ. ಅದಕ್ಕೆ ಜಾಗ ಬೇಕು, ಪಕ್ಕದಲ್ಲಿ ಹೊಳೆ ಬೇಕು. ಅದಕ್ಕೆ ಅಲ್ಲಿ. ಇದನ್ನು ಕೇಳಲಿಕ್ಕೆ ಕಾಲೇಜು ಬೇಕಾ?" ಮತ್ತೆ ತಾವೇ, "ಅಲ್ಲ, ಕೇಳಿದ್ದು ಒಳ್ಳೆಯದೇ. ಇಷ್ಟು ವರ್ಷ ನನ್ನ ಹತ್ತಿರ ಯಾರೂ ಕೇಳಿರಲಿಲ್ಲ," ಎಂದರು.

ನಾನು ಬೇಕೆಂದೇ ಕುಡಿದೆನೇ ಎಂದು ಆಮೇಲೆ ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಕ್ರಮ ಗೊತ್ತಿದ್ದವಳು ನಾನು. ಮಂಗಳೂರಿನಲ್ಲಿ ಬಾಯಾರಿದರೂ ಮುಟ್ಟಿರಲಿಲ್ಲ. ಮರೆತೆ ಎನ್ನುವುದು ನಿಜವೇ ಇರಬೇಕು. ಆದರೆ ನನಗೆ ಅನುಕೂಲವಾದ ನೆನಪನ್ನು ನಾನು ಬೇಗ ನಂಬುತ್ತೇನೆ ಎಂಬುದೂ ನನಗೆ ಗೊತ್ತು.

ನಿಗದಿಯಾದ ದಿನವೇ ಮಾವ ಬಂಟ್ವಾಳಕ್ಕೆ ಹೋದರು, ಬೇಡವೆಂದು ಹೇಳುವುದಕ್ಕೆ. ಕಾಗದ ಬರೆದರೆ ಸಾಕೆಂದು ಅಮ್ಮ ಹೇಳಿದರೂ ಕೇಳಲಿಲ್ಲ, ಎದುರು ನಿಂತೇ ಹೇಳಬೇಕೆಂದರು. ಅಲ್ಲಿ ನಡೆದದ್ದನ್ನು ನಾನು ಕೇಳಿದ್ದು ಅಮ್ಮನಿಂದ. ಅಮ್ಮ ಕೇಳಿದ್ದು ಮಾವನ ಜೊತೆ ಹೋದ ನೆಂಟರಿಂದ. ಆ ಮನೆಯ ಯಜಮಾನರು ಮೊದಲು ನಂಬಲಿಲ್ಲವಂತೆ.

"ಹುಡುಗಿ ಬಾಯಾರಿ ಒಂದು ಗುಟುಕು ನೀರು ಕುಡಿದಳು. ಅದನ್ನೂ ಮಾತು ಅಂತ ಹಿಡಿಯುವುದಾ ಮಾರಾಯ್ರೆ? ಕಾಲೇಜೇನು ಒಂದು ಮನೆಯಾ?"

"ಹುಡುಗಿಯದ್ದು ಬಿಡುವ," ಎಂದರಂತೆ ಮಾವ. "ನಾನು ಬಾಯಾರದೆ ಕುಡಿದಿದ್ದೇನೆ."

ಹೀಗೆ ಮಾತು ಕೊಟ್ಟದ್ದಾಯಿತು. ಇನ್ನು ಉಳಿದದ್ದು ನಾನು ಪಾಸಾಗುವುದು. ಮಾವ ಲೆಕ್ಕದ ಮಾಸ್ಟ್ರ ಮನೆಗೆ ಹೋಗಿ, "ಇವಳು ಫೇಲಾದರೆ ನಾನು ಮೂಡಬಿದಿರೆಯವರಿಗೆ ಮುಖ ತೋರಿಸುವುದು ಹೇಗೆ?" ಎಂದು ಕೂತರಂತೆ. ಅಂದಿನಿಂದ ಮಾಸ್ಟ್ರು ಶಾಲೆ ಬಿಟ್ಟ ಮೇಲೆ ಒಂದು ಗಂಟೆ ನನ್ನನ್ನು ಕೂರಿಸಿ ಬೀಜಗಣಿತ ಮಾಡಿಸಿದರು. ಆ ಮೂರು ತಿಂಗಳು ಓದಿದಷ್ಟು ಮುಂದೆ ಎಂ.ಎ.ಗೂ ನಾನು ಓದಲಿಲ್ಲ. ಓದಿದ್ದು ಸಂತೆಯ ಪ್ರಶ್ನೆ ಕೇಳಿದ ಆ ಮೇಡಂ ಹತ್ತಿರ ಕಲಿಯುವ ಆಸೆಗೋ, ಮಾವನ ಮಾತು ಸುಳ್ಳಾಗಬಾರದೆಂದೋ, ಎರಡನ್ನು ಬಿಡಿಸಿ ನೋಡಲು ನನಗೆ ಈಗಲೂ ಆಗುವುದಿಲ್ಲ.

ಫಲಿತಾಂಶದ ದಿನ ಮಾಸ್ಟ್ರು ಅಂಗಳದಿಂದಲೇ ಕೂಗಿದರು. ಲೆಕ್ಕದಲ್ಲೂ ಪಾಸು. ಅಮ್ಮ ಅಡುಗೆಮನೆಯಿಂದ ಓಡಿಬಂದರು. ಮಾವ ಒಳಗೆ ಹೋದರು. ಹೊರಗೆ ಬರುವಾಗ ಬಿಳಿ ಅಂಗಿ ಹಾಕಿಕೊಂಡಿದ್ದರು.

"ಈ ಬಿಸಿಲಲ್ಲಿ ಎಲ್ಲಿಗೆ ಅಣ್ಣ?"

"ಮೂಡಬಿದಿರೆಗೆ. ಹೇಳಿ ಬರುವ. ಪಾಪ, ಅವರು ಕಾಯ್ತಾ ಇರ್ತಾರಲ್ವಾ?"

ಅಲ್ಲಿ ಯಾರೂ ಕಾಯುತ್ತಿಲ್ಲ, ನಾವು ಮಾತು ಕೊಟ್ಟಿದ್ದೇವೆಂಬುದೇ ಅವರಿಗೆ ಗೊತ್ತಿಲ್ಲ ಎಂದು ಹೇಳಲು ನನ್ನ ಬಾಯಿಗೆ ಬಂದಿತ್ತು. ಹೇಳಲಿಲ್ಲ. ಸೀರೆ ಬದಲಾಯಿಸಿಕೊಂಡು ನಾನೂ ಹೊರಟೆ.