ಬಿಸಿಲಿಗಿಟ್ಟ ಕಾರ್ಟ್ರಿಜ್

2023ರ ನವೆಂಬರ್. ಅತ್ತಾವರದ ಒಂದು ಆಸ್ಪತ್ರೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಯಂತ್ರೋಪಕರಣಗಳ ರಿಪೇರಿ ವಿಭಾಗದಲ್ಲಿ ದುಡಿದು ನಾನು ನಿವೃತ್ತನಾಗಿ ಎರಡು ವರ್ಷ ಕಳೆದಿತ್ತು. ಮನೆಯಲ್ಲಿ ಕುಳಿತರೆ ಚೆನ್ನಾಗಿರುವ ಮಿಕ್ಸಿಯನ್ನೂ ಬಿಚ್ಚಿ ಹಾಕುತ್ತೇನೆಂದು ಹೆಂಡತಿ ದೂರಿದ್ದರಿಂದ, ಫಳ್ನೀರಿನ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ಸಣ್ಣ ಕೋಣೆ ಹಿಡಿದು ಸರ್ವಿಸ್ ಸೆಂಟರ್ ತೆರೆದಿದ್ದೆ. ಬೇರೆಯವರು ಆಗುವುದಿಲ್ಲವೆಂದು ಕೈಬಿಟ್ಟದ್ದೆಲ್ಲ ನನ್ನ ಮೇಜಿಗೆ ಬರುತ್ತಿತ್ತು. ಅದರ ಬಗ್ಗೆ ನನಗೆ ಜಂಬವೂ ಇತ್ತು, ಸುಳ್ಳು ಹೇಳುವುದಿಲ್ಲ.

ಆ ತಿಂಗಳ ಮೊದಲ ವಾರ ದೇರೆಬೈಲಿನ ಜಯಂತ ಪೂಜಾರಿ ಎಂಬವರು ಎರಡು ಬಟ್ಟೆಯ ಚೀಲ ಹಿಡಿದು ಬಂದರು. ವಯಸ್ಸು ಐವತ್ತೈದು. ಹದಿನೆಂಟು ವರ್ಷ ಗಲ್ಫ್‌ನಲ್ಲಿದ್ದು ಊರಿಗೆ ಮರಳಿದವರು. ಅವರ ಹುಚ್ಚು ಹಳೆಯ ವಿಡಿಯೋ ಗೇಮ್ ಕಾರ್ಟ್ರಿಜ್‌ಗಳ ಸಂಗ್ರಹ. ಕಾರ್ಟ್ರಿಜ್ ಎಂದರೆ ಅಂಗೈ ಅಗಲದ ಪ್ಲಾಸ್ಟಿಕ್ ಡಬ್ಬಿ. ಅದರೊಳಗಿನ ಚಿಪ್‌ನಲ್ಲಿ ಆಟ ಇರುತ್ತದೆ. ಟಿವಿಗೆ ಜೋಡಿಸಿದ ಕನ್ಸೋಲ್ ಎಂಬ ಪೆಟ್ಟಿಗೆಗೆ ಅದನ್ನು ಸಿಕ್ಕಿಸಿದರೆ ಆಟ ಶುರುವಾಗುತ್ತದೆ. ಪ್ರಸಿದ್ಧ ಕಂಪನಿಗಳ ಕಾರ್ಟ್ರಿಜ್ ಅವರಿಗೆ ಬೇಡ. ಒಂದೆರಡು ವರ್ಷ ಮಾರಾಟವಾಗಿ ಹೇಳಹೆಸರಿಲ್ಲದೆ ಹೋದ ಕನ್ಸೋಲ್‌ಗಳದ್ದೇ ಬೇಕು. ಇನ್ನೂರಹನ್ನೆರಡು ಕೂಡಿಸಿದ್ದರು.

ಒಂದು ಚೀಲದಿಂದ ಕನ್ಸೋಲ್ ಹೊರಬಂತು. ಇನ್ನೊಂದರಿಂದ, ಮೂರು ಸುತ್ತು ಕಪ್ಪು ಬಟ್ಟೆಯೊಳಗಿನಿಂದ, ಹೆಸರಿಲ್ಲದ ಒಂದು ಕಾರ್ಟ್ರಿಜ್.

"ಉಳಿದ ಇನ್ನೂರ ಹನ್ನೊಂದು ಹೋದ್ರೂ ನನಗೆ ಬೇಜಾರಿಲ್ಲ ರೈಗಳೇ," ಎಂದರು. "ಇದು ಹಾಗಲ್ಲ. ಇದು ನನ್ನ ಅಣ್ಣ ಮಾಡಿದ್ದು."

ಅಣ್ಣ ಸುಧಾಕರ 1984ರಲ್ಲಿ ಬಹರೈನ್‌ನ ಎಲೆಕ್ಟ್ರಾನಿಕ್ಸ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಅಂಗಡಿಯಲ್ಲಿ ಮಾರಾಟಕ್ಕಿದ್ದ ಕನ್ಸೋಲ್‌ಗೆ ಆಟ ಬರೆಯುವುದನ್ನು ಪುಸ್ತಕ ನೋಡಿ ಕಲಿತ. ತಾನೇ ಒಂದು ಆಟ ಬರೆದು, ಚಿಪ್‌ಗೆ ಹಾಕಿ, ಊರಿಗೆ ಬರುವವರ ಕೈಯಲ್ಲಿ ಕಳುಹಿಸಿದ. ರಜೆಗೆ ಬರುವಾಗ ಕನ್ಸೋಲ್ ತರುತ್ತೇನೆ, ಅಲ್ಲಿಯವರೆಗೆ ಬೆಳಕಿಗೆ ಹಿಡಿಯಬೇಡಿ ಎಂದು ಕಾಗದ ಬರೆದ. ಮರುವರ್ಷ ಅಲ್ಲೇ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಆಟವನ್ನು ಮನೆಯವರು ಯಾರೂ ನೋಡಲೇ ಇಲ್ಲ. ಹತ್ತನೇ ತರಗತಿ ಫೇಲಾದವನು ಆಟ ಬರೆಯುವುದುಂಟೇ, ಬರೀ ಬುರುಡೆ, ಖಾಲಿ ಡಬ್ಬಿ ಕಳುಹಿಸಿದ್ದಾನೆ ಎಂದು ಸೋದರಮಾವ ಹೇಳಿದ ಮಾತು ಮನೆಯಲ್ಲಿ ನಿಂತುಬಿಟ್ಟಿತು. ಜಯಂತರು ಸಂಗ್ರಾಹಕರಾದದ್ದೇ ಆ ಒಂದು ಕನ್ಸೋಲ್ ಹುಡುಕುತ್ತಾ. ಹನ್ನೊಂದು ವರ್ಷ ಹುಡುಕಿದ ಮೇಲೆ ಪೋರ್ಚುಗಲ್‌ನ ಒಬ್ಬರಲ್ಲಿ ಸಿಕ್ಕಿತ್ತು. ಅದರಲ್ಲಿ ಬೇರೆ ಕಾರ್ಟ್ರಿಜ್‌ಗಳು ಓಡಿದವು. ಅಣ್ಣನದ್ದು ಹಾಕಿದರೆ ಪರದೆ ಬರೀ ಬೂದು.

"ಅಮ್ಮನಿಗೆ ಎಂಬತ್ತಮೂರು," ಎಂದರು. "ಒಮ್ಮೆ ನೋಡಿದ್ರೆ ಸಾಕು ಅಂತಾರೆ. ಆಡುವುದೆಲ್ಲ ಬೇಡ."

ಬಿಚ್ಚಿ ನೋಡಿದೆ. ನಮ್ಮ ಕರಾವಳಿಯ ಉಪ್ಪುಗಾಳಿ ತಾಮ್ರವನ್ನು ಬಿಡುವುದಿಲ್ಲ. ತುದಿಯ ಸಂಪರ್ಕಗಳು ಹಸಿರುಗಟ್ಟಿದ್ದವು. ತೊಳೆದರೆ ಸರಿಹೋಗುವ ಕೆಲಸ. ಜಯಂತರು ಹತ್ತು ದಿನ ಮುಂಬೈಗೆ ಹೊರಟಿದ್ದರು. ಬರುವಷ್ಟರಲ್ಲಿ ಆಗುತ್ತದೆ ಎಂದೆ.

ಒಳಗಿದ್ದದ್ದು ಇಪಿರಾಮ್ ಎಂಬ ಜಾತಿಯ ಚಿಪ್. ಅದರ ಬೆನ್ನಿನ ಮೇಲೆ ಸಣ್ಣ ಗಾಜಿನ ಕಿಟಕಿ ಇರುತ್ತದೆ. ಆ ಕಿಟಕಿಗೆ ಅಲ್ಟ್ರಾವಯಲೆಟ್ ಬೆಳಕು ತಾಗಿಸಿದರೆ ಬರೆದದ್ದು ಅಳಿಸಿ ಹೋಗುತ್ತದೆ, ಮತ್ತೆ ಬರೆಯಬಹುದು. ಬಿಸಿಲಿನಲ್ಲೂ ಆ ಬೆಳಕು ಉಂಟು. ಅದಕ್ಕೇ ಕಿಟಕಿಯ ಮೇಲೆ ಚೀಟಿ ಅಂಟಿಸುತ್ತಾರೆ. ಆಸ್ಪತ್ರೆಯ ಹಳೆಯ ಮಾನಿಟರ್‌ಗಳಲ್ಲಿ ಇಂಥ ಚಿಪ್ ಎಷ್ಟೋ ನೋಡಿದ್ದೇನೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಆದದ್ದೆಂದು ಹೇಳುವ ಅವಕಾಶವೂ ನನಗಿಲ್ಲ.

ಸುಧಾಕರನ ಚೀಟಿ ಬೂಷ್ಟು ಹಿಡಿದು ಕಪ್ಪಾಗಿತ್ತು. ತೊಳೆಯುವ ದ್ರಾವಣ ಅದರಡಿಗೆ ಇಳಿದು ನಿಲ್ಲುತ್ತದೆಂದು ಕಿತ್ತೆ. ಒಂದು ಅಂಚು ಮಾತ್ರ ಗಟ್ಟಿ ಅಂಟಿಕೊಂಡು ಬರಲಿಲ್ಲ, ಬಿಟ್ಟೆ. ಒಣಗಿದ ಮೇಲೆ ಕಪ್ಪು ಟೇಪ್ ಹಚ್ಚುವುದೆಂದು ಮನಸ್ಸಿನಲ್ಲೇ ಬರೆದುಕೊಂಡೆ. ಮಳೆ ನಿಂತ ಮೇಲೆ ತೊಳೆದ ಬೋರ್ಡ್‌ಗಳನ್ನೆಲ್ಲ ಟ್ರೇಯಲ್ಲಿಟ್ಟು ಟೆರೇಸಿನ ಬಿಸಿಲಿಗೆ ಹಾಕುವುದು ಇಲ್ಲಿ ನಮ್ಮ ಕಸುಬಿನವರೆಲ್ಲರ ಅಭ್ಯಾಸ. ಹಪ್ಪಳ ಒಣಗಿಸಿದ ಹಾಗೆ. ನಾಲ್ಕು ತಿಂಗಳ ತೇವ ಹೋಗಲು ಬೇರೆ ದಾರಿಯಿಲ್ಲ. ಟಿವಿಯದ್ದು, ಇನ್ವರ್ಟರಿನದ್ದು, ಜೊತೆಗೆ ಇದು. ಬೆಳಿಗ್ಗೆ ಒಂಬತ್ತಕ್ಕೆ ಇಡುತ್ತಿದ್ದೆ, ಸಂಜೆ ನಾಲ್ಕಕ್ಕೆ ತರುತ್ತಿದ್ದೆ. ನಡುವೆ ನಂಟರ ಮದುವೆ ಬಂತು, ಗಿರಾಕಿಗಳು ಬಂದರು. ಕಿಟಕಿ ಮೇಲ್ಮುಖವಾಗಿದ್ದ ಆ ಚಿಪ್ ಆರು ದಿನ ಟೆರೇಸಿನಲ್ಲಿ ಕುಳಿತಿತ್ತು.

ಏಳನೆಯ ದಿನ ಟೇಪ್ ಕೈಗೆತ್ತಿಕೊಂಡಾಗ ಬುದ್ಧಿ ಬಂತು. ಚಿಪ್‌ನಲ್ಲಿರುವುದನ್ನು ಕಂಪ್ಯೂಟರಿಗೆ ಓದಿಸುವ ಉಪಕರಣ ನನ್ನ ಕಪಾಟಿನಲ್ಲೇ ಇತ್ತು. ಮೊದಲ ದಿನವೇ ಓದಿಸಿ ಪ್ರತಿ ಇಟ್ಟುಕೊಳ್ಳುವುದು ಎರಡು ನಿಮಿಷದ ಕೆಲಸವಾಗಿತ್ತು. ಸಂಪರ್ಕ ತೊಳೆಯುವ ಸಣ್ಣ ಕೆಲಸಕ್ಕೆ ಅಷ್ಟೆಲ್ಲ ಯಾಕೆ ಎಂಬ ಜಂಬ. ಓದಿಸಿದೆ. ಚಿಪ್‌ನಲ್ಲಿ 4,096 ಬೈಟ್, ಅಂದರೆ ಅಷ್ಟು ಅಕ್ಷರ ಬರೆಯುವಷ್ಟು ಜಾಗ. ಬಹುಪಾಲು ಖಾಲಿ. ಚೀಟಿಯ ಉಳಿದ ಅಂಚಿನ ನೆರಳು ಬಿದ್ದಿದ್ದ ಕಡೆಯ ಸುಮಾರು ಆರುನೂರು ಬೈಟ್ ಮಾತ್ರ ಉಳಿದಿದ್ದವು. ಕಾಲದಿಂದ ಮಾಸಿದ್ದರೆ ಅಲ್ಲಲ್ಲಿ ಮಾಸಬೇಕಿತ್ತು. ಹೀಗೆ ಗೆರೆ ಎಳೆದಂತೆ ಹೋಗಿದ್ದರೆ ಅದು ಬಿಸಿಲು, ಅದು ನಾನು.

ಚಿಪ್‌ಗೆ ಕೊಡುವ ವಿದ್ಯುತ್ತನ್ನು ಐದು ವೋಲ್ಟ್‌ನಿಂದ ಸ್ವಲ್ಪ ಸ್ವಲ್ಪ ಇಳಿಸಿ ಓದಿದರೆ ಮಸುಕಾದದ್ದು ಕೆಲವೊಮ್ಮೆ ತಿರುಗಿ ಸಿಗುತ್ತದೆ. ಮೂರು ದಿನ ಅದನ್ನೇ ಮಾಡಿದೆ. ಇನ್ನೊಂದು ಇನ್ನೂರೈವತ್ತು ಬೈಟ್ ಸಿಕ್ಕಿತು. ಸಿಕ್ಕಿದ್ದನ್ನು ಸಾಲು ಸಾಲಾಗಿ ಓದಿದೆ. ಚೆಂಡು ಗೋಡೆಗೆ ತಾಗಿದರೆ ಹಿಂದೆ ಬರಬೇಕು ಎಂಬ ಲೆಕ್ಕ ಅದರಲ್ಲಿತ್ತು. ಜಾಗ ಉಳಿಸಲು ಸುಧಾಕರ ಲೆಕ್ಕದ ಒಂದೇ ತುಂಡನ್ನು ಎರಡು ಕಡೆ ಬಳಸಿಕೊಂಡಿದ್ದ. ಅಚ್ಚುಕಟ್ಟಾದ ಕೆಲಸ, ಒಂದು ಹೆಜ್ಜೆಯೂ ದಂಡವಿಲ್ಲ. ಹತ್ತನೇ ತರಗತಿ ಫೇಲಾದ ಹುಡುಗನ ಬಗ್ಗೆ ನನಗೆ ಹೊಟ್ಟೆಕಿಚ್ಚೇ ಆಯಿತು. ಆದರೆ ಇಷ್ಟರಿಂದ ಆಟ ಓಡುವುದಿಲ್ಲ.

ಇನ್ನೊಂದು ದಾರಿಯೂ ನನ್ನ ಮುಂದಿತ್ತು, ಅದನ್ನು ಮುಚ್ಚಿಡುವುದಿಲ್ಲ. ಚಿಪ್ ಮೊದಲೇ ಖಾಲಿ ಇತ್ತು ಎಂದರೆ ಮುಗಿಯಿತು. ಬಂದ ದಿನವೂ ಪರದೆ ಬೂದು, ಈಗಲೂ ಬೂದು. ನನ್ನ ಮಾತನ್ನು ಪರೀಕ್ಷಿಸುವವರು ಈ ಊರಲ್ಲಿ ಯಾರೂ ಇರಲಿಲ್ಲ. ಆಸ್ಪತ್ರೆಯಲ್ಲಿದ್ದಾಗ ಯಾರದ್ದೋ ಕೈತಪ್ಪನ್ನು ಮಷೀನಿನ ವಯಸ್ಸಿನ ಮೇಲೆ ಹಾಕಿ ನಾನೇ ಎಷ್ಟೋ ಸರ್ವಿಸ್ ರಿಪೋರ್ಟ್ ಬರೆದಿದ್ದೆ. ಒಂದು ಇಡೀ ದಿನ ಆ ವಾಕ್ಯವನ್ನು ಬಾಯಲ್ಲೇ ಇಟ್ಟುಕೊಂಡು ತಿರುಗಿದೆ. ಆದರೆ ಈ ಸಲ ತಪ್ಪು ಹೊರುವುದು ಮಷೀನಲ್ಲ. ಖಾಲಿ ಎಂದರೆ ಸೋದರಮಾವ ಗೆದ್ದ ಹಾಗೆ, ಸತ್ತ ಹುಡುಗ ಬುರುಡೆ ಬಿಟ್ಟ ಹಾಗೆ.

ಜಯಂತರು ಮುಂಬೈಯಿಂದ ಬಂದ ಮರುದಿನ ಫೋನ್ ಮಾಡಿದರು. ನಾನು ಬಾಯಿ ತೆರೆಯುವ ಮೊದಲೇ, "ಅಂಗಡಿಗೆ ಬೇಡ, ಮನೆಗೇ ತನ್ನಿ, ಅಮ್ಮ ಕಾಯ್ತಾ ಇದ್ದಾರೆ" ಎಂದು ಇಟ್ಟುಬಿಟ್ಟರು. ದೇರೆಬೈಲಿನ ಅವರ ಮನೆಗೆ ಹೋದರೆ ಟಿವಿಯ ಎದುರು ಕುರ್ಚಿ ಹಾಕಿ, ಇಸ್ತ್ರಿಯ ಸೀರೆ ಉಟ್ಟು ಅವರ ತಾಯಿ ಕಲ್ಯಾಣಿಯಕ್ಕ ಕುಳಿತಿದ್ದರು. ನಾನು ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದೆ.

ಜಯಂತರ ಧ್ವನಿ ಏರಿತು. "ಮೂವತ್ತೊಂಬತ್ತು ವರ್ಷ ಬೆಳಕು ತೋರಿಸದೆ ಇಟ್ಟದ್ದು ಮಾರಾಯ್ರೇ! ಕಪಾಟು ತೆಗೆಯುವಾಗ್ಲೂ ಕೋಣೆಯ ಕಿಟಕಿ ಮುಚ್ತಿದ್ದೆವು. ನಿಮ್ಮ ಹತ್ರ ಕೊಟ್ಟದ್ದು ನೀವು ತಿಳಿದವರು ಅಂತ. ಎಂತ ಮನುಷ್ಯ ನೀವು?"

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ನಾನು ಕನ್ನಡದಲ್ಲಿ ಹೇಳಿದ್ದು ಕಲ್ಯಾಣಿಯಕ್ಕನಿಗೆ ಪೂರ್ತಿ ತಿಳಿದಿರಲಿಲ್ಲ. ಮಗ ತುಳುವಿನಲ್ಲಿ ಬಿಡಿಸಿ ಹೇಳಿದರು. ಅವರು ನನ್ನನ್ನೇ ನೋಡಿ, "ಆಯೆ ಮಲ್ತಿನವು ಸತ್ಯ ಅತ್ತಾ?" ಎಂದರು. ಅವನು ಮಾಡಿದ್ದು ನಿಜ ತಾನೇ ಎಂಬ ಪ್ರಶ್ನೆ.

"ನಿಜ," ಎಂದೆ. ಉಳಿದ ಸಾಲುಗಳನ್ನು ಮುದ್ರಿಸಿ ತಂದಿದ್ದ ಹಾಳೆ ಕೊಟ್ಟೆ. ಓದಲು ಬರದ ಆ ಹಾಳೆಯನ್ನು ಅವರು ಮಡಿಲಲ್ಲಿ ಹರಡಿಕೊಂಡರು. ಆಮೇಲೆ ಮಗನಿಗೆ, ಇವರಿಂದ ಇದನ್ನೆಲ್ಲ ಬರೆಸಿಕೋ, ಸೀಲ್ ಹಾಕಿಸು, ಸೋದರಮಾವನ ಮನೆಗೆ ಹೋಗಿ ಓದಿ ಹೇಳಬೇಕು ಎಂದರು.

ಅಂಗಡಿಯ ಹೆಸರಿದ್ದ ಕಾಗದ ಮತ್ತು ಸೀಲ್ ಚೀಲದಲ್ಲೇ ಇದ್ದವು. ಅಲ್ಲೇ ಕುಳಿತು ಅಭ್ಯಾಸಬಲದಿಂದ ಮೊದಲ ಸಾಲು ಬರೆದೆ: ನನ್ನ ನಿರ್ಲಕ್ಷ್ಯದಿಂದ ಚಿಪ್‌ನಲ್ಲಿದ್ದದ್ದು ಅಳಿಸಿಹೋಗಿದೆ. ಜಯಂತರು ತಾಯಿಗೆ ಓದಿ ಹೇಳಿದರು. ಅವರು ಕೈಯಾಡಿಸಿ ಬೇಡವೆಂದರು. ನನಗೆ ತಿಳಿಯಲೆಂದು ತಮ್ಮ ಹರಕು ಕನ್ನಡದಲ್ಲೇ ಹೇಳಿದರು. "ಅವ ಮಾಡಿದ್ದ ಅಂತ ಮೊದ್ಲು ಬರೀರಿ. ನೀವು ಅಳಿಸಿದ್ದು ಆಮೇಲೆ."

ಬೇರೆ ಹಾಳೆ ತೆಗೆದುಕೊಂಡೆ. ಸುಧಾಕರ ಪೂಜಾರಿ ಎಂಬವರು ಈ ಚಿಪ್‌ಗೆ ಸ್ವಂತವಾಗಿ ಒಂದು ಆಟ ಬರೆದಿದ್ದರು, ಅದರ ಭಾಗವನ್ನು ನಾನು ಕಣ್ಣಾರೆ ಓದಿದ್ದೇನೆ ಎಂದು ಆರಂಭಿಸಿದೆ. ನನ್ನ ತಪ್ಪು ಎರಡನೆಯ ಸಾಲಿಗೆ ಹೋಯಿತು. ಜಯಂತರು ಮತ್ತೆ ನನ್ನಲ್ಲಿಗೆ ಏನನ್ನೂ ತರಲಿಲ್ಲ, ತರಬೇಕೆಂದು ನಾನು ಬಯಸುವುದೂ ಸರಿಯಲ್ಲ. ಈಗ ಯಾವ ಚಿಪ್ ಬಂದರೂ ಮೊದಲು ಓದಿಸಿ ಪ್ರತಿ ಇಟ್ಟುಕೊಳ್ಳುತ್ತೇನೆ. ಅದು ಯಾವ ಕೈಪಿಡಿಯಲ್ಲಾದರೂ ಸಿಗುವ ಪಾಠ. ಸುಮಾರು ಮೂವತ್ತು ವರ್ಷ, ಏನು ಕೆಟ್ಟಿದೆ ಎಂಬುದರಿಂದಲೇ ರಿಪೋರ್ಟ್ ಶುರು ಮಾಡಿದವನಿಗೆ, ಒಬ್ಬ ಏನು ಮಾಡಿದ್ದ ಎಂಬುದನ್ನು ಮೊದಲ ಸಾಲಿನಲ್ಲಿ ಬರೆಯಲು ಕಲಿಸಿದ್ದು ಆಟವನ್ನು ಕೊನೆಗೂ ನೋಡದ ಆ ತಾಯಿ.